ಸಕ್ಕರೆ ಕಾರ್ಖಾನೆಗೆ ಒಂದು ಚಮಚ ಸಕ್ಕರೆ

ಓದುವ ಎಲ್ಲರಿಗೂ ನಮಸ್ಕಾರ. ನಾನು ಎರಡೇ ಬೆರಳಿನಲ್ಲಿ ಟೈಪ್ ಮಾಡುವವನು. ಇಷ್ಟು ಬರೆಯುವಷ್ಟರಲ್ಲಿ ಚಹಾ ಆರಿಹೋಯಿತು. ಒತ್ತಕ್ಷರ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮರಾಠಿ ಸೀಮೆಯ ಹಡಪಸರದ ಒಂದು ಪಂಪ್ ಕಾರ್ಖಾನೆಯಲ್ಲಿ ನಾನು ಹನ್ನೊಂದು ವರ್ಷ ಪ್ಯಾಕಿಂಗ್ ಮಾಡಿದೆ. ಪಂಪನ್ನು ಕಟ್ಟಿಗೆ ಪೆಟ್ಟಿಗೆಯಲ್ಲಿಟ್ಟು, ಹುಲ್ಲು ತುಂಬಿ, ಮೊಳೆ ಹೊಡೆದು, ಮೇಲೆ ಯಾದಿ ಅಂಟಿಸುವ ಕೆಲಸ. ಸಂಜೆ ಕ್ಲಾಸಿಗೆ ಹೋಗಿ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿದಾಗ ವಯಸ್ಸು ಮೂವತ್ತೈದು. ಆಗ ಮಗರಪಟ್ಟಾದಲ್ಲಿ ಹೊಸ ಆಫೀಸುಗಳು ಏಳುತ್ತಿದ್ದವು. ಅಲ್ಲಿನ ಒಂದು ಸಣ್ಣ ಕಂಪನಿಯ ಸಾಹೇಬರು ಬೆಳಗಾವಿ ಕಡೆಯವರು. ಇಂಟರ್‌ವ್ಯೂದಲ್ಲಿ ನನ್ನ ಸರ್ಟಿಫಿಕೇಟಿಗಿಂತ ಕೈಯನ್ನೇ ಹೆಚ್ಚು ನೋಡಿದರು.

“ಮೊಳಿ ಹೊಡದ ಕೈ ಅಲ್ಲೇನ್ರಿ ಇದು?”

“ಹೌದ್ರಿ ಸಾಹೇಬ್ರ.”

“ಛಲೋ ಆತು. ನಮ್ಮ ಮಂದಿಗೆ ಪ್ರೋಗ್ರಾಮ್ ಬರೀಲಿಕ್ಕೆ ಬರ್ತದ, ಕಟ್ಟಿ ಕಳಸಲಿಕ್ಕೆ ಬರೂದಿಲ್ಲ. ನೀವು ಪ್ಯಾಕೇಜ್ ಮಾಡ್ರಿ.”

ಯುನಿಕ್ಸ್ ಎಂಬ ವ್ಯವಸ್ಥೆಯಿರುವ ಕಂಪ್ಯೂಟರಿಗೆ ಪ್ಯಾಕೇಜ್ ಮಾಡುವುದೆಂದರೆ ಪೆಟ್ಟಿಗೆ ಕಟ್ಟಿದ ಹಾಗೆಯೇ. ಪ್ರೋಗ್ರಾಮಿನ ಫೈಲುಗಳನ್ನೆಲ್ಲ ಒಂದೇ ಗಂಟು ಕಟ್ಟಿ, ಯಾವುದು ಎಲ್ಲಿ ಹೋಗಿ ಕೂರಬೇಕು ಎಂಬ ಯಾದಿ ಕೊಡಬೇಕು. ಆ ಕಡೆಯವರು ಒಂದು ಸಾಲು ಟೈಪ್ ಮಾಡಿದರೆ ಎಲ್ಲವೂ ತಂತಮ್ಮ ಜಾಗಕ್ಕೆ ಹೋಗಬೇಕು.

ಆರು ತಿಂಗಳಾದ ಮೇಲೆ ಸಾಹೇಬರು ಕರೆದರು. “ಇಂದಾಪುರದ ಹತ್ರ ಒಂದು ಸಕ್ರಿ ಕಾರ್ಖಾನಿ ಅದ. ಕಬ್ಬು ತೂಗೂ ಪ್ರೋಗ್ರಾಮ್ ಪ್ಯಾಕೇಜ್ ಮಾಡಿ ಕಳಸ್ರಿ. ರಿಪೇರಿ ಅಂತ ಇಲ್ಲಿಂದ ಒಬ್ಬರೂ ಬಸ್ ಹತ್ತಬಾರದು. ಹಂಗಾತು ಅಂದ್ರ ನೀವು ಕಾಯಂ.”

ನನ್ನ ಹೆಂಡತಿ ನಾನು ಕಾಯಂ ಆಗಿದ್ದೇನೆಂದು ಆಗಲೇ ನಾವಿದ್ದ ಚಾಳಿನ ಇಡೀ ವಠಾರಕ್ಕೆ ಹೇಳಿಬಿಟ್ಟಿದ್ದಳು. ಹಳೇ ಕಾರ್ಖಾನೆಗೆ ಮರಳುವ ದಾರಿಯೂ ಇರಲಿಲ್ಲ.

ಯಾದಿಯ ಕೊನೆಯಲ್ಲಿ ಒಂದು ಖಾಲಿ ಫೋಲ್ಡರ್ ಇತ್ತು. ಗಾಡಿ ತೂಗಿದಾಗ ತೂಕದ ಚೀಟಿ ಅದರೊಳಗೆ ಬರಬೇಕು, ಅಲ್ಲಿಂದ ಪ್ರಿಂಟಾಗಬೇಕು. ಅದನ್ನು ಖಾಲಿಯಾಗಿ ಕಳಿಸಲು ನನಗೆ ಕೈಯೇ ಬರಲಿಲ್ಲ. ನಮ್ಮಲ್ಲಿ ನೆರೆಮನೆಯ ಡಬ್ಬಿಯನ್ನು ಬರಿದಾಗಿ ಮರಳಿ ಕೊಡುವುದಿಲ್ಲ. ಊಟಕ್ಕೆ ಕೂತಾಗ ಹೆಂಡತಿಯನ್ನು ಕೇಳಿದೆ.

“ಖಾಲಿ ಕಳಸ್ತೀರಿ? ಅದೂ ಮೊದಲನೇ ಸಲ? ಒಂದು ಚಮಚ ಸಕ್ರಿನರ ಹಾಕ್ರಿ.”

ಮರುದಿನ ಆ ಫೋಲ್ಡರಿನಲ್ಲಿ ಪುಟ್ಟ ಫೈಲೊಂದನ್ನು ಇಟ್ಟೆ. ಒಳಗೆ, ಇಂಗ್ಲಿಷ್ ಅಕ್ಷರದಲ್ಲಿ, ಒಂದೇ ಸಾಲು: ‘ಒಂದು ಚಮಚ ಸಕ್ಕರೆ’. ನಮ್ಮ ಆಫೀಸಿನ ಯಂತ್ರದಲ್ಲಿ ಹಾಕಿ ನೋಡಿದೆ. ಎಲ್ಲವೂ ಸರಿಯಾಗಿ ಕೂತಿತು. ಆ ಯಂತ್ರಕ್ಕೆ ಪ್ರಿಂಟರ್ ಇರಲಿಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ. ಸೀಡಿಯನ್ನು ಕೆಂಪು ಬಸ್ಸಿನಲ್ಲಿ ಪಾರ್ಸೆಲ್ ಮಾಡಿದೆ.

ಎರಡನೇ ದಿನ ಬೆಳಿಗ್ಗೆ ಅಲ್ಲಿನ ಆಪರೇಟರ್ ಫೋನ್ ಮಾಡಿದ. “ಅಹೋ ಸಾಹೇಬ್, ಹೇ ಕಾಯ್ ಪಾಠವಲಂತ?” ಇದೇನು ಕಳಿಸಿದಿರಿ ಎಂದು.

ಆ ಪ್ರೋಗ್ರಾಮ್ ನಿಮಿಷಕ್ಕೊಮ್ಮೆ ಫೋಲ್ಡರಿನಲ್ಲಿ ಇದ್ದದ್ದನ್ನೆಲ್ಲ ಪ್ರಿಂಟ್ ಮಾಡುತ್ತಿತ್ತು. ಆಮೇಲೆ ಚೀಟಿಯ ನಂಬರ್ ಇದ್ದವನ್ನು ಮಾತ್ರ ಅಳಿಸುತ್ತಿತ್ತು. ನನ್ನದಕ್ಕೆ ನಂಬರ್ ಎಲ್ಲಿಂದ ಬರಬೇಕು? ನಿಮಿಷಕ್ಕೊಂದು ಚಮಚ ಸಕ್ಕರೆ ಹೊರಬರುತ್ತಿತ್ತು. ಮೊದಲನೆಯದು ಹತ್ತು ಟನ್ ಕಬ್ಬು ತಂದ ಒಬ್ಬ ಮುದುಕರ ಕೈಗೆ ಹೋಯಿತು. ಕಬ್ಬು ಕಡಿಯಲು ಬಂದಿದ್ದ ನಮ್ಮ ಕಡೆಯ ಹೆಣ್ಣುಮಗಳೊಬ್ಬಳು ಅದರ ಅರ್ಥವನ್ನೂ ಹೇಳಿಬಿಟ್ಟಳಂತೆ. ಮುದುಕರು ಟ್ರ್ಯಾಕ್ಟರನ್ನು ತೂಕದ ಕಟ್ಟೆಯ ಮೇಲೆಯೇ ಬಂದ್ ಮಾಡಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡರು.

ಆ ಫೈಲನ್ನು ಅಳಿಸುವ ಸಾಲನ್ನು ಫೋನಿನಲ್ಲೇ ಅಕ್ಷರಕ್ಕೆ ಅಕ್ಷರ ಹೇಳಿದೆ. ಆಪರೇಟರೂ ನನ್ನಷ್ಟೇ ನಿಧಾನ. ಕೊನೆಗೆ ಪ್ರಿಂಟರ್ ಸುಮ್ಮನಾಯಿತು. ಸದ್ಯ, ಯಾರೂ ಬಸ್ ಹತ್ತಬೇಕಿಲ್ಲ ಎಂದು ಉಸಿರುಬಿಟ್ಟೆ. ಅಷ್ಟರಲ್ಲಿ ಅವನು, ಪ್ರಿಂಟರ್ ನಿಂತಿತು, ಆದರೆ ಅಜೋಬಾ, ಅಂದರೆ ಆ ಅಜ್ಜ, ಜಾಗ ಬಿಟ್ಟು ಏಳುತ್ತಿಲ್ಲ, ಇದನ್ನು ಬರೆದವನೇ ಎದುರಿಗೆ ಬಂದು ಹೇಳಬೇಕಂತೆ ಎಂದ.

ಸಾಹೇಬರಿಗೆ ಎಲ್ಲವನ್ನೂ ಹೇಳಿದೆ.

“ಯಾಕ ಇಟ್ರಿ ಅದನ್ನ?”

“ಖಾಲಿ ಕಳಸಬಾರದು ಅಂತ್ರಿ.”

ಅವರು ಕಿಟಕಿ ಕಡೆ ತಿರುಗಿ ನಿಂತರು. ಹೆಗಲು ಕುಣಿಯುತ್ತಿತ್ತು. ಅಳುತ್ತಿದ್ದಾರೆ ಎಂದುಕೊಂಡೆ. “ಬಸ್ ಹತ್ರಿ,” ಎಂದರು.

ಮನೆಗೆ ಓಡಿದೆ, ಹೆಂಡತಿ ಶೇಂಗಾ ಹೋಳಿಗೆಯ ಡಬ್ಬಿಯನ್ನು ಚೀಲಕ್ಕೆ ತುರುಕಿದಳು. ಮಧ್ಯಾಹ್ನ ಇಳಿದಾಗ ಉಳಿದ ಗಾಡಿಗಳು ಇನ್ನೊಂದು ಕಟ್ಟೆಗೆ ಹೋಗುತ್ತಿದ್ದವು. ಮುದುಕರು ಮಾತ್ರ ಟ್ರ್ಯಾಕ್ಟರಿನ ನೆರಳಲ್ಲಿ ಭಾಕ್ರಿಯ ಬುತ್ತಿ ಬಿಚ್ಚಿ ಕೂತಿದ್ದರು. ಮರಾಠಿಯಲ್ಲಿ ಕೇಳಿದರು:

“ಹತ್ತು ಟನ್ನಿಗೆ ಒಂದು ಚಮಚವೇನಪ್ಪಾ? ಗುಡ್ಡೆಯಾಗಿ ತುಂಬಿಸಿ ಕೊಡ್ತೀಯೋ, ಮಟ್ಟಕ್ಕೆ ಗೀರಿ ಕೊಡ್ತೀಯೋ?”

ಡಬ್ಬಿಯ ಪದ್ಧತಿಯನ್ನು ಅವರಿಗೆ ವಿವರಿಸಿ, ಹೋಳಿಗೆಯನ್ನು ಮುಂದಿಟ್ಟೆ. ಅವರು ಎರಡು ತಿಂದರು.

“ನಮ್ಮಲ್ಲೂ ಹಂಗೇ. ಆದರೆ ಸಕ್ಕರೆ ಕಾರ್ಖಾನೆಗೆ ಸಕ್ಕರೆ ಕಳಿಸಿದವನು ನೀನೊಬ್ಬನೇ.” ಕೀಲಿ ಹೊರಬಂತು. ಡಬ್ಬಿಯನ್ನು ವಾಪಸು ಕೊಡುವಾಗ ಬುತ್ತಿಯಲ್ಲಿದ್ದ ಬೆಲ್ಲದ ತುಂಡನ್ನು ಅದರೊಳಗೆ ಹಾಕಿದರು.

ಮರುದಿನ ಸಾಹೇಬರು ಆ ಬೆಲ್ಲವನ್ನು ಚಪ್ಪರಿಸುತ್ತಲೇ ತೀರ್ಪು ಕೊಟ್ಟರು. “ಮಾತು ಅಂದ್ರ ಮಾತು. ಬಸ್ ಹತ್ತಿದ್ರಿ. ಇನ್ನ ಮೂರು ತಿಂಗಳು ನೋಡೂಣು.”

ಹೆಂಡತಿ ಕೆಂಡವಾದಳು. “ನಿಮ್ಮ ಸಾಹೇಬರ ಮನಿಗೆ ಒಂದ್ ಸಲ ಖಾಲಿ ಡಬ್ಬಿ ಕಳಸ್ತೀನಿ ತಡೀರಿ, ಆಗ ತಿಳೀತದ ಅವರಿಗೆ!”

ಮೂರು ತಿಂಗಳಾದ ಮೇಲೆ ಕಾಯಂ ಆದೆ. ಅಷ್ಟೂ ದಿನ ಚಾಳಿನವರ ಮುಂದೆ ಕಾಯಂ ಆದವನ ಹಾಗೆ ನಡೆಯಬೇಕಾಯಿತು. ಅದು ಪ್ಯಾಕೇಜಿಗಿಂತ ಕಷ್ಟ. ಆಮೇಲೆ ಎಷ್ಟೋ ಫೋಲ್ಡರುಗಳನ್ನು ಖಾಲಿಯಾಗಿಯೇ ಕಳಿಸಿದೆ. ಪ್ರತಿ ಸಲವೂ ಗುಂಡಿ ಒತ್ತುವ ಮೊದಲು ಕೈ ಸ್ವಲ್ಪ ತಡೆಯುತ್ತದೆ.

ಮನೆಯ ರೂಢಿಯನ್ನು ಆಫೀಸಿಗೆ ಒಯ್ದು ಪೇಚಿಗೆ ಬಿದ್ದವರು ನಿಮ್ಮಲ್ಲೂ ಇರಬೇಕು. ನಿಮ್ಮ ಕಥೆಯನ್ನೂ ಒಂದೆರಡು ಸಾಲು ಬರೆದು ತಿಳಿಸಿ. ನಿಧಾನ ಬರೆದರೂ ನಡೆಯುತ್ತದೆ, ನಾನು ಓದುವುದೂ ನಿಧಾನವೇ.