ಬೂದಿ ಹಾಕಿ ತಿಕ್ಕಿದ ಕೆಂಪು ಬಟ್ಟಲು

ಜಪಾನಿನಲ್ಲಿ ಮರದ ಪಾತ್ರೆ ಮಾಡುವ ಕೆಲಸ ಕಲಿತ ಮೊಮ್ಮಗಳು, ತಾನೇ ಮಾಡಿದ ಮೊದಲ ಮರದ ಬಟ್ಟಲನ್ನು ನನಗೆಂದೇ ಆಲೂರಿಗೆ ತಂದಳು. ಯಾವುದೋ ಮರದ ಹಾಲನ್ನು ಬಳಿದು, ಒಣಗಿಸಿ, ಮತ್ತೆ ಬಳಿದು ತಿಂಗಳುಗಟ್ಟಲೆ ಮಾಡಿದ್ದಂತೆ. ಕೆಂಪಗೆ ಕನ್ನಡಿಯಂತೆ ಹೊಳೆಯುತ್ತಿತ್ತು. ನನ್ನ ಹಿಗ್ಗು ಹೇಳತೀರದು. ದೇವರಿಗೆ ಪಾಯಸ ಇದರಲ್ಲೇ ಇಡಬೇಕೆಂದು ಒಲೆಯ ಬೂದಿ, ತೆಂಗಿನ ನಾರು ಹಿಡಿದು ಗಸಗಸ ತಿಕ್ಕಿಬಿಟ್ಟೆ. ತೊಳೆದು ನೋಡಿದರೆ ಹೊಳಪು ಹೋಗಿ ಬರೀ ಗೀರು. ಬಟ್ಟಲು ಹಿಡಿದು ಮೊಮ್ಮಗಳ ಬಳಿಗೆ ಓಡಿದೆ.

“ಮತ್ತೆ ಬಳಿಯಾಕಾಗಲ್ವೇನೇ?” ಎಂದೆ.

“ಆ ಮರದ ಹಾಲು ಇಲ್ಲೆಲ್ಲಿ ಸಿಗ್ತೈತಜ್ಜಿ? ಇದನ್ನೇನು ಹಿತ್ತಾಳೆ ಚೊಂಬು ಅನ್ಕೊಂಡ್ಯಾ?” ಎಂದು ನಕ್ಕಳು. ಕಣ್ಣು ಮಾತ್ರ ತುಂಬಿತ್ತು.

ಪಾಯಸವನ್ನು ಆ ಬಟ್ಟಲಲ್ಲೇ ಇಟ್ಟೆ. ಆಮೇಲೆ ತೊಳೆಯಲು ಕೈ ಬರಲಿಲ್ಲ. ಅವಳಿಗೇ ಕೊಟ್ಟು, ಹೇಗೆ ತೊಳೆಯುತ್ತಾಳೆಂದು ನೋಡುತ್ತ ಪಕ್ಕದಲ್ಲಿ ನಿಂತೆ.