ಎರಡನೇ ಒಲೆ

ಭತ್ಯೆ ಕಚೇರಿಯ ಕಾಂಪೌಂಡಿಗೆ ಮೇಜು ಒರಗಿಸಿಕೊಂಡು, ಬಂದವರಿಗೆ ಅರ್ಜಿ ಬರೆದುಕೊಟ್ಟು ಹೊಟ್ಟೆ ಹೊರೆಯುವವನು ನಾನು. ದುಡಿಯಲಾಗದ ಒಂಟಿ ಬಡವರಿಗೆ ಸರ್ಕಾರ ಕೊಡುವ ಭತ್ಯೆ ಇಲ್ಲಿಂದಲೇ ಹೋಗಬೇಕು. ಇಪ್ಪತ್ತು ವರ್ಷದಲ್ಲಿ ಇದರ ನಿಯಮಗಳನ್ನೆಲ್ಲ ಅರೆದು ಕುಡಿದಿದ್ದೇನೆ. ಕುಡಿದದ್ದು ಒಂದೂ ಮೈಗೆ ಹಿಡಿಯಲಿಲ್ಲ.

ದೊಡ್ಡಕ್ಕ ನನ್ನ ಮೇಜಿಗೆ ಮೊದಲು ಬಂದದ್ದು ಒಂಬತ್ತು ವರ್ಷದ ಹಿಂದೆ. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಅಂಗಿಗಳಿಗೆ ಗುಂಡಿ ಹೊಲಿದು ಅವಳ ಬೆರಳ ಗೆಣ್ಣುಗಳು ಸೆಟೆದುಕೊಂಡಿದ್ದವು. ಸೂಜಿ ಹಿಡಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಮೇಸ್ತ್ರಿ ಇನ್ನು ಬರಬೇಡ ಅಂದಿದ್ದ. ಗಂಡ ಮಕ್ಕಳು ಅಂತ ಯಾರೂ ಇಲ್ಲ. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ತಂಗಿಯ ಜೊತೆ ಒಂದೇ ಕೋಣೆಯಲ್ಲಿ ವಾಸ. ತಂಗಿ ಕರೆಯುತ್ತಿದ್ದ ಹಾಗೆಯೇ ಇಡೀ ಬೀದಿಗೆ ಅವಳು ದೊಡ್ಡಕ್ಕ ಆಗಿದ್ದಳು. ಭತ್ಯೆ ಸಿಗದಿದ್ದರೆ ಆ ಬೆರಳುಗಳಲ್ಲೇ ಮತ್ತೆ ಸೂಜಿ ಹಿಡಿಯಬೇಕಿತ್ತು.

ನಿಯಮ ಹೀಗಿದೆ: ಒಂದೇ ಒಲೆಯಲ್ಲಿ ಬೇಯಿಸಿ ಉಣ್ಣುವವರು ಒಂದೇ ಕುಟುಂಬ, ಮತ್ತು ಕುಟುಂಬದಲ್ಲಿ ಒಬ್ಬರಿಗೆ ಸಂಬಳವಿದ್ದರೆ ಇನ್ನೊಬ್ಬರಿಗೆ ಭತ್ಯೆಯಿಲ್ಲ. ಒಂದೇ ಸೂರಿನಡಿ ಇರಬಹುದು, ಒಬ್ಬಳೇ ತಾಯಿ ಹೆತ್ತಿರಬಹುದು, ಒಲೆ ಮಾತ್ರ ಒಂದಾಗಬಾರದು. ಇದನ್ನು ಬರೆದ ಮಹಾನುಭಾವ ಜನ್ಮದಲ್ಲಿ ಅಡುಗೆಮನೆಗೆ ಕಾಲಿಟ್ಟಿರಲಾರ.

"ಇನ್ನೊಂದು ಸ್ಟೌ ತಗೊಂಡ್ಬಿಡಿ ದೊಡ್ಡಕ್ಕ," ಅಂತ ಹೇಳಿಕೊಟ್ಟವನು ನಾನೇ. "ತನಿಖೆ ಸಾಹೇಬ್ರು ನೋಡೋಕೆ ಬಂದಾಗ ಇಬ್ರೂ ಬೇರೆ ಬೇರೆ ಮಾಡ್ಕೊಳ್ಳೋ ಹಾಗೆ ಕಾಣ್ಬೇಕು ಅಷ್ಟೆ."

"ಕಾಣ್ಬೇಕು ಅಂದ್ರೆ ಹಾಗೇ ಮಾಡ್ಬೇಕಲ್ಲಪ್ಪ. ನಂಗೆ ಸುಳ್ಳು ಹೇಳಕ್ಕೆ ಬರಲ್ಲ," ಅಂದಳು.

ಬೇರೆಯವರ ಮನೆಗಳಲ್ಲಿ ಎರಡನೇ ಒಲೆ ತುಕ್ಕು ಹಿಡಿದು ಮೂಲೆಯಲ್ಲಿ ಕೂತಿರುತ್ತದೆ. ಇವರು ನಿಜಕ್ಕೂ ಬೇರೆಯಾದರು. ನಾಲ್ಕು ಅಡಿಯ ಜಾಗದಲ್ಲಿ ಅಕ್ಕತಂಗಿಯರು ಬೆನ್ನಿಗೆ ಬೆನ್ನು ಹಾಕಿ ಕೂತು, ಎರಡು ಸೀಮೆಎಣ್ಣೆ ಸ್ಟೌ ಹಚ್ಚಿ, ತಮತಮಗಷ್ಟೇ ಬೇಯಿಸಿಕೊಂಡರು. ಉಪ್ಪು ಮುಗಿದರೂ ಒಬ್ಬಳ ಡಬ್ಬಿಗೆ ಇನ್ನೊಬ್ಬಳು ಕೈ ಹಾಕಲಿಲ್ಲ. ಭತ್ಯೆ ಬರುತ್ತಿದ್ದ ಒಂಬತ್ತು ವರ್ಷವೂ ಹೀಗೇ! ಆ ಪೆದ್ದು ಪ್ರಾಮಾಣಿಕತೆ ಕಂಡಾಗೆಲ್ಲ ನನಗೆ ಮೈ ಉರಿಯುತ್ತಿತ್ತು. ದಾರಿ ತೋರಿಸಿದ ನನ್ನ ಮೇಲೆ ಅದಕ್ಕಿಂತ ಹೆಚ್ಚು ಉರಿಯುತ್ತಿತ್ತು.

ತನಿಖೆಯವನಿಗೆ ಬೀದಿಯವರು ಒಲೆಸಾಹೇಬ ಅಂತ ಹೆಸರಿಟ್ಟಿದ್ದರು. ವರ್ಷಕ್ಕೆ ಎರಡು ಸಲ ಹೇಳದೆ ಕೇಳದೆ ನುಗ್ಗಿ, ಒಲೆಗಳ ಮೇಲೆ ಅಂಗೈ ಇಟ್ಟು ಬಿಸಿಯಿದೆಯೇ ನೋಡುತ್ತಿದ್ದ. ಮುಚ್ಚಳ ಎತ್ತಿ ಮೂಸುತ್ತಿದ್ದ. ಪದವಿ ಓದಿ, ಪರೀಕ್ಷೆ ಪಾಸು ಮಾಡಿ ಬಂದ ಗಂಡಸು! ಬಡವರ ಪಾತ್ರೆಗೆ ಮೂಗು ತೂರಿಸಲು ಸರ್ಕಾರ ಅವನಿಗೆ ಪೆಟ್ರೋಲಿನ ಖರ್ಚನ್ನೂ ಕೊಡುತ್ತಿತ್ತು.

ಈ ವರ್ಷ ತಂಗಿಗೆ ಕಾಮಾಲೆಯಾಯಿತು. ಮೂರು ವಾರ ಹಾಸಿಗೆ ಬಿಟ್ಟು ಏಳಲಿಲ್ಲ. ಲಾಂಡ್ರಿಯವನು ಆ ದಿನಗಳ ಕೂಲಿಯನ್ನೂ ಕೊಡಲಿಲ್ಲ. ದೊಡ್ಡಕ್ಕ ತನ್ನ ಒಲೆಯಲ್ಲಿ ಇಬ್ಬರಿಗೂ ಗಂಜಿ ಬೇಯಿಸಿದಳು. ಸರಿಯಾಗಿ ಆಗಲೇ ವಕ್ಕರಿಸಿದ ಒಲೆಸಾಹೇಬ. ತಂಗಿಯ ಒಲೆಯ ಮೇಲೆ ಅಂಗೈ ಇಟ್ಟ.

"ಇದನ್ನ ಹಚ್ಚಿ ಎಷ್ಟು ದಿನ ಆಯ್ತು?"

"ಮೂರು ವಾರ ಸಾಹೇಬ್ರೇ. ಅವಳು ಮಲಗಿದಾಳಲ್ಲ."

"ಊಟಕ್ಕೆ?"

"ನಾನೇ ಮಾಡಿ ಕೊಡ್ತೀನಿ."

ಅವನು ಬರೆದುಕೊಂಡ. ಹದಿನೈದು ದಿನಕ್ಕೆ ಕಾಗದ ಬಂತು: ಇಬ್ಬರದೂ ಒಂದೇ ಕುಟುಂಬ, ತಂಗಿಯ ಕಳೆದ ವರ್ಷದ ಸಂಬಳ ಇಬ್ಬರಿಗೂ ಸಾಕು, ಭತ್ಯೆ ರದ್ದು. ಕೂಲಿಯಿಲ್ಲದ ಮೂರು ವಾರದ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ.

ಮೇಲಧಿಕಾರಿಯ ಹತ್ತಿರ ನಾನೇ ಕರೆದುಕೊಂಡು ಹೋದೆ. ಒಲೆಸಾಹೇಬನೂ ಅಲ್ಲೇ ಫೈಲು ಹಿಡಿದು ನಿಂತಿದ್ದ. ಅಧಿಕಾರಿ ಬಹಳ ಒಳ್ಳೆಯವರು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡಿದರು.

"ಒಂದು ದಾರಿ ಇದೆಯಮ್ಮ. ತಂಗಿಗೆ ನಾನು ಊಟ ಕೊಟ್ಟಿಲ್ಲ, ಅವತ್ತು ತಪ್ಪಿ ಹೇಳ್ದೆ ಅಂತ ಬರ್ಕೊಡಿ. ಬರೋ ತಿಂಗಳಿಂದ ಮತ್ತೆ ಶುರುವಾಗತ್ತೆ."

ನಾನು ಅಲ್ಲೇ ಬರೆದು, ಪೆನ್ನು ಮುಂದೆ ಹಿಡಿದೆ. ನಾಚಿಕೆ ಅನ್ನುವುದು ನನ್ನ ಕಸುಬಿನಲ್ಲಿ ಎಂದೋ ಸವೆದುಹೋಗಿದೆ. "ಸಹಿ ಹಾಕಿ ದೊಡ್ಡಕ್ಕ. ಬರೀ ಕಾಗದ ತಾನೇ."

ಸೊಟ್ಟ ಬೆರಳುಗಳಲ್ಲಿ ಅವಳು ಪೆನ್ನು ಹಿಡಿದಳು. ಆಮೇಲೆ ಕೇಳಿದಳು, "ಮತ್ತೆ ಅವಳು ಏನು ತಿಂದು ಬದುಕಿದ್ಲು ಅಂತ ಬರೀತೀರಾ?"

"ಅದನ್ನ ಈ ಫಾರಮ್ಮಲ್ಲಿ ಕೇಳಿಲ್ಲಮ್ಮ," ಅಂದರು ಅಧಿಕಾರಿ.

ದೊಡ್ಡಕ್ಕ ಪೆನ್ನನ್ನು ಮೇಜಿನ ಮೇಲಿಟ್ಟು ಎದ್ದು ಹೋದಳು. ಬುದ್ಧಿ ಬಂದು ಸಹಿ ಹಾಕಲು ತಿರುಗಿ ಬರುತ್ತಾಳೆ ಅಂತ ನಾವು ಮೂವರೂ ಕಾದೆವು. ಮುಕ್ಕಾಲು ಗಂಟೆಯಲ್ಲಿ ಬಂದಳು. ಕಂಕುಳಲ್ಲಿ ಹಳೇ ಪೇಪರಿನಲ್ಲಿ ಸುತ್ತಿದ ಗಂಟು. ನಾನು ಕೊಳ್ಳಿಸಿದ್ದ ಆ ಎರಡನೇ ಒಲೆ. ಸೀಮೆಎಣ್ಣೆ ಬಸಿದು, ತಿಕ್ಕಿ ತೊಳೆದು ತಂದಿದ್ದಳು. ಅದನ್ನು ಅಧಿಕಾರಿಯ ಫೈಲುಗಳ ಮೇಲೇ ಕುಕ್ಕಿದಳು.

"ಇದು ನಿಮ್ದು. ಒಂಬತ್ತು ವರ್ಷ ನಿಮಗೋಸ್ಕರಾನೇ ಹಚ್ಚಿದ್ದು. ನಮಗೆ ಒಂದು ಸಾಕು. ನಾಳೆಯಿಂದ ಮತ್ತೆ ಗುಂಡಿ ಹೊಲೀತೀನಿ."

ಅಧಿಕಾರಿ ಒಲೆಸಾಹೇಬನ ಮುಖ ನೋಡಿದರು. ಅವನು ಅಭ್ಯಾಸಬಲದಿಂದ ಕೈ ಚಾಚಿ ಒಲೆಯ ಮೇಲೆ ಅಂಗೈ ಇಟ್ಟ.

"ತಣ್ಣಗಿದೆ ಸಾಹೇಬ್ರೇ," ಅಂದಳು ದೊಡ್ಡಕ್ಕ. "ಬರ್ಕೊಳಿ."