ಆರು ಸಾವಿರ ಫೈಲುಗಳಲ್ಲಿ ಒಂದು ಬಲಗಾಲು

ಬೆಳಗಿನ ಐದೂವರೆ. ಕೃತಕ ಕಾಲು ತಯಾರಿಸುವ ಕಾರ್ಯಾಗಾರದ ಕಾವಲುಗಾರ ಶಟರನ್ನು ಅರ್ಧಕ್ಕೆ ಎತ್ತುತ್ತಾನೆ. ನಲವತ್ತಾರರ ಹೆಂಗಸೊಬ್ಬರು ಬಗ್ಗಿ ಒಳಗೆ ನುಸುಳುತ್ತಾರೆ. ಗೋಡೆಯ ಮೊಳೆಗಳಲ್ಲಿ ಪಾದವಿಲ್ಲದ ಕಾಲುಗಳು, ಕಾಲಿಲ್ಲದ ಪಾದಗಳು. ನೆಲದ ತುಂಬ ಪ್ಲಾಸ್ಟರಿನ ಬಿಳಿ ಪುಡಿ. ಅವರು ಸೀದಾ ಮೂಲೆಯ ಮೇಜಿಗೆ ಹೋಗಿ ಕಂಪ್ಯೂಟರಿನ ಗುಂಡಿ ಒತ್ತುತ್ತಾರೆ, ಅದು ಏಳುವವರೆಗೆ ಕರವಸ್ತ್ರದಿಂದ ಕೀಲಿಮಣೆ ಒರೆಸುತ್ತಾರೆ, ಪೆನ್‌ಡ್ರೈವ್ ಚುಚ್ಚುತ್ತಾರೆ. ಕೈಚೀಲವನ್ನು ಮಾತ್ರ ಸ್ವಿಚ್‌ಬೋರ್ಡಿನ ಮೇಲೆ ನೇತುಹಾಕುತ್ತಾರೆ.

"ಗುಡಿಸೋಕೆ ಬಂದೋರು ಮೊದಲು ಕೀಳೋದೇ ಪ್ಲಗ್ಗು. ಹೆಂಗಸರ ಚೀಲ ಇದ್ರೆ ಯಾರೂ ಮುಟ್ಟಲ್ಲ ನೋಡಿ!"

ಗಿರಾಕಿಗಳು ಇವರನ್ನು ಕರೆಯುವುದು ಹುಡುಕಕ್ಕ ಎಂದು. ಕಚೇರಿಗಳ ಕಂಪ್ಯೂಟರ್‌ಗಳಿಗೆ ಹುಡುಕುವ ತಂತ್ರಾಂಶ ಹಾಕಿಕೊಡುವುದು ಇವರ ಕೆಲಸ. ಫೈಲಿನ ಹೆಸರಷ್ಟೇ ಅಲ್ಲ, ಫೈಲಿನ ಒಳಗೆ ಬರೆದದ್ದನ್ನೂ ಹುಡುಕಿ ತೋರಿಸುವಂಥದ್ದು. ಹಾಕುವುದಕ್ಕೆ ಹತ್ತು ನಿಮಿಷ ಸಾಕು. ಆಮೇಲೆ ತಂತ್ರಾಂಶ ಪ್ರತಿ ಫೈಲನ್ನೂ ತೆರೆದು ಓದಿ, ಯಾವ ಪದ ಎಲ್ಲಿದೆ ಎಂದು ತನ್ನದೊಂದು ಪಟ್ಟಿ ಮಾಡಿಕೊಳ್ಳಬೇಕು. ಯಂತ್ರ ಹಳೆಯದಾದರೆ ಅದಕ್ಕೆ ಐದಾರು ಗಂಟೆ ಹಿಡಿಯುತ್ತದೆ. ಹಾಗಾಗಿ ಕಚೇರಿ ತುಂಬುವ ಮೊದಲೇ ಶುರುಮಾಡಬೇಕು.

ಹನ್ನೊಂದು ವರ್ಷದ ಹಿಂದೆ ಇವರು ದಾಖಲೆಗಳನ್ನು ಟೈಪ್ ಮಾಡುತ್ತಿದ್ದರು. ಸ್ಕ್ಯಾನರ್ ಬಂತು, ಒಂದೇ ವಾರದಲ್ಲಿ ಇಪ್ಪತ್ತು ಮೇಜು ಖಾಲಿಯಾದವು. "ಟೈಪ್ ಮಾಡಿದ್ದನ್ನ ಎಲ್ಲಿಟ್ಟಿದ್ದೀನಿ ಅಂತ ನನಗೇ ನೆನಪಿರ್ತಿರಲಿಲ್ಲ. ಸಾಹೇಬರು ದಿನಾ ಬೈಯೋರು. ಬೈಸ್ಕೊಂಡು ಬೈಸ್ಕೊಂಡೇ ಹುಡುಕೋದು ಕಲಿತೆ." ಈಗ ದಿನಕ್ಕೆ ಎರಡು ಕಂಪ್ಯೂಟರ್, ವಾರಕ್ಕೆ ಆರು ದಿನ, ಪ್ರತಿ ಸಲ ಯಾರದೋ ಕುರ್ಚಿ. ಬೆನ್ನು ಆ ಎಲ್ಲ ಕುರ್ಚಿಗಳನ್ನೂ ನೆನಪಿಟ್ಟುಕೊಂಡಿದೆ. ಗುಡಿಸುವವರೆಂದುಕೊಂಡು ಪೊರಕೆ ತೋರಿಸಿದ ಕಾವಲುಗಾರರಿದ್ದಾರೆ. ಒಬ್ಬ ಮ್ಯಾನೇಜರ್ ಪಕ್ಕಕ್ಕೆ ಕರೆದು, "ಎಲ್ಲಾನೂ ಹುಡುಕಿಬಿಡುತ್ತಾ ಇದು? ಎಲ್ಲಾನೂ?" ಎಂದು ಪಿಸುಗುಟ್ಟಿ, ನಾಳೆ ಬನ್ನಿ ಎಂದರಂತೆ. ಮನೆಯಲ್ಲಿ ಅತ್ತೆಯದು ಬೇರೆಯೇ ದೂರು: "ಊರಿಗೆಲ್ಲ ಹುಡುಕಿಕೊಡ್ತಾಳೆ. ನನ್ನ ಕನ್ನಡಕ ಎಲ್ಲಮ್ಮಾ ಅಂದ್ರೆ, ಗೊತ್ತಿಲ್ಲ ಅತ್ತೆ ಅಂತಾಳೆ."

ಈ ಕಾರ್ಯಾಗಾರದ ಕಂಪ್ಯೂಟರಿನಲ್ಲಿ ಆರು ಸಾವಿರದ ನಾನೂರು ಫೈಲುಗಳಿವೆ. ಎಲ್ಲವೂ ಒಬ್ಬರದೇ. ಇಪ್ಪತ್ತು ವರ್ಷ ಇಲ್ಲಿ ಕಾಲು ಮಾಡಿದ ಹಿರಿಯ ಮೇಸ್ತ್ರಿ ಒಂದೊಂದು ಕಾಲಿಗೆ ಒಂದೊಂದು ಟಿಪ್ಪಣಿ ಬರೆದಿಟ್ಟು, ಹೋದ ವರ್ಷ ತೀರಿಕೊಂಡರು. ಫೈಲುಗಳಿಗೆ ಅವರಿಟ್ಟ ಹೆಸರುಗಳು: 'ಹೊಸದು', 'ಹೊಸದು ಎರಡು', 'ನಾಳೆ ನೋಡಬೇಕು'.

ಒಂಬತ್ತು ಗಂಟೆಗೆ ಊರುಗೋಲಿನ ಸದ್ದು. ಬಂದವರು ಐವತ್ತು ದಾಟಿದ ದರ್ಜಿ ಹೆಂಗಸು, ಬಲಗಾಲು ಮಂಡಿಯಿಂದ ಕೆಳಗಿಲ್ಲ. ಮೇಸ್ತ್ರಿ ಮಾಡಿಕೊಟ್ಟ ಕಾಲು ಒಂಬತ್ತು ವರ್ಷ ದುಡಿದು ಒಡೆಯಿತು. ಆಮೇಲೆ ಮಾಡಿದ ಎರಡೂ ಕಾಲು ಹುಣ್ಣು ಮಾಡಿವೆ. ನಾಲ್ಕು ತಿಂಗಳಿಂದ ಹೊಲಿಗೆ ಯಂತ್ರ ಮುಚ್ಚಿಟ್ಟಿದ್ದಾರೆ. ಮೂರನೆಯದೂ ಕೂರದಿದ್ದರೆ ಕೃತಕ ಕಾಲಿನ ಆಸೆ ಬಿಡಿ ಎಂದು ವೈದ್ಯರು ಹೇಳಿಯಾಗಿದೆ. ಇವತ್ತು ಮೂರನೆಯದರ ಅಚ್ಚು ತೆಗೆಯುವ ದಿನ.

ಮೇಸ್ತ್ರಿಯ ಜಾಗಕ್ಕೆ ಬಂದಿರುವ ಯುವ ತಂತ್ರಜ್ಞನಿಗೆ ಅವಸರ. ಮೇಸ್ತ್ರಿಯ ಹಳೆಯ ಟಿಪ್ಪಣಿಗಾಗಿ ದರ್ಜಿಯ ಹೆಸರು ಟೈಪ್ ಮಾಡುತ್ತಾನೆ. ಸೊನ್ನೆ ಎನ್ನುತ್ತದೆ ಪರದೆ.

"ಇಲ್ಲ ಬಿಡಿ. ಪ್ಲಾಸ್ಟರ್ ಕಲಸ್ತೀನಿ."

"ನಿಲ್ಲಿ ಸಾರ್," ಹುಡುಕಕ್ಕ ಪರದೆಯ ಮೂಲೆ ತೋರಿಸುತ್ತಾರೆ. "ಅರವತ್ತೊಂದು ಪರ್ಸೆಂಟ್ ಆಗಿದೆ. ಅದಿನ್ನೂ ಓದ್ತಾ ಇದೆ. ಓದದೇ ಇರೋದನ್ನ ಕೇಳಿದ್ರೆ ಪಾಪ ಎಲ್ಲಿಂದ ಹೇಳುತ್ತೆ?"

"ಇನ್ನೆಷ್ಟು ಹೊತ್ತು ಮೇಡಂ?"

"ಒಂಬತ್ತು ವರ್ಷ ನಡೆಸಿದ ಕಾಲು ಸಾರ್. ಎರಡು ಗಂಟೆ ಕೊಡಿ."

ದರ್ಜಿ ನಗುತ್ತಾರೆ. "ನಾಲ್ಕು ತಿಂಗಳು ಕೂತಿದ್ದೀನಿ ಕಣಪ್ಪಾ, ಎರಡು ಗಂಟೆ ಏನು ಮಹಾ."

ಆ ಎರಡು ಗಂಟೆ ಹುಡುಕಕ್ಕ ಸುಮ್ಮನೆ ಕೂರುವುದಿಲ್ಲ. ಬರೆದವರ ರೀತಿ ತಿಳಿಯಲು ಅಲ್ಲೊಂದು ಇಲ್ಲೊಂದು ಫೈಲು ತೆರೆದು ಓದುತ್ತಾರೆ. 'ಏಣಿ ಹತ್ತುವವನು. ಎಡಗಾಲು. ಮುಂಗಾಲಿಗೆ ಭಾರ ಜಾಸ್ತಿ.' 'ಬಸ್ಸಿನಲ್ಲಿ ನಿಂತೇ ಇರುವವಳು.' 'ಮಗಳ ಮದುವೆಯಲ್ಲಿ ಕುಣಿಯಬೇಕಂತೆ.' ಒಂದರಲ್ಲೂ ರೋಗಿಯ ಹೆಸರಿಲ್ಲ.

ಹನ್ನೊಂದಕ್ಕೆ ನೂರು ಪರ್ಸೆಂಟ್. ತಂತ್ರಜ್ಞ ಮತ್ತೆ ಹೆಸರು ಹಾಕುತ್ತಾನೆ. ಮತ್ತೆ ಸೊನ್ನೆ. ದರ್ಜಿಯ ಮುಖ ಬಾಡುತ್ತದೆ. ಹುಡುಕಕ್ಕ ಅವರ ಕಡೆ ಕುರ್ಚಿ ತಿರುಗಿಸುತ್ತಾರೆ.

"ಅಕ್ಕಾ, ಮೇಸ್ತ್ರಿ ಹತ್ರ ಏನೇನು ಮಾತಾಡ್ತಿದ್ರಿ? ಕಾಲು ಯಾಕೆ ಬೇಕು ಅಂದಿದ್ರಿ?"

"ಇನ್ನೇನಕ್ಕೆ? ಪೆಡಲ್ ತುಳಿಯೋಕೆ! ನಡೆಯದಿದ್ರೂ ಪರವಾಗಿಲ್ಲಪ್ಪಾ, ತುಳಿಯೋ ಕಾಲು ಕೊಡು ಅಂದಿದ್ದೆ. ಬಿದ್ದು ಬಿದ್ದು ನಕ್ಕಿದ್ರು."

ಹುಡುಕಕ್ಕ 'ಪೆಡಲ್' ಎಂದು ಟೈಪ್ ಮಾಡುತ್ತಾರೆ. ಮೂರು ಫೈಲು. ಒಂದು ಸೈಕಲ್ಲಿನವನದು, ಇನ್ನೊಂದು ಕುಂಬಾರನ ಚಕ್ರದ್ದು. ಮೂರನೆಯದನ್ನು ತಂತ್ರಜ್ಞ ಗಟ್ಟಿಯಾಗಿ ಓದುತ್ತಾನೆ:

'ಹೊಲಿಗೆ ಪೆಡಲ್ ತುಳಿಯುವವರು. ಬಲಗಾಲು. ಎಲ್ಲರನ್ನೂ ನಿಲ್ಲಿಸಿ ಅಚ್ಚು ತೆಗೆಯುತ್ತೇವೆ, ಇವರನ್ನು ಕೂರಿಸಿ ತೆಗೆದೆ. ದಿನವೆಲ್ಲ ಮಂಡಿ ಮಡಚಿರುತ್ತದೆ. ಮಂಡಿಯ ಹಿಂದೆ ಬರುವ ಅಂಚು ಒಂದು ಬೆರಳು ತಗ್ಗಿಸಿದ್ದೇನೆ. ನೋವಿಲ್ಲ ಎನ್ನುತ್ತಾರೆ, ನಂಬಬಾರದು.'

"ಅಯ್ಯೋ ಮಹಾರಾಯ," ದರ್ಜಿ ಕಣ್ಣೊರೆಸಿಕೊಳ್ಳುತ್ತಾರೆ, "ಬೈದುಕೊಂಡೂ ಹೋಗಿದ್ದಾನೆ ನೋಡಿ!"

ಎರಡು ಸಲವೂ ತಂತ್ರಜ್ಞ ಅಚ್ಚು ತೆಗೆದದ್ದು ನಿಲ್ಲಿಸಿಯೇ. ಎದ್ದು ಹೋಗಿ ಒಂದು ಸ್ಟೂಲು ತಂದಿಡುತ್ತಾನೆ.

ಮೂರು ವಾರದ ನಂತರ, ದರ್ಜಿಯ ಕಿರುಕೋಣೆಯಲ್ಲಿ ಹೊಲಿಗೆ ಯಂತ್ರ ಓಡುತ್ತಿದೆ. ಬೆಳಗಿನಿಂದ ಆರು ಗಂಟೆ ತುಳಿದ ಮೇಲೂ ಹುಣ್ಣಿಲ್ಲ. ನೋವಿದೆಯೇ ಎಂದು ತಂತ್ರಜ್ಞ ಮಾತ್ರ ಪ್ರತಿ ಭೇಟಿಯಲ್ಲೂ ಮೂರು ಸಲ ಕೇಳುತ್ತಾನೆ.

ಈ ಸುದ್ದಿ ಹುಡುಕಕ್ಕನಿಗೆ ಮುಟ್ಟುವಾಗ ಅವರು ಇನ್ಯಾವುದೋ ಕಚೇರಿಯಲ್ಲಿ, ಇನ್ಯಾರದೋ ಕುರ್ಚಿಯಲ್ಲಿದ್ದಾರೆ. ಪರದೆಯಲ್ಲಿ ಹದಿನೆಂಟು ಪರ್ಸೆಂಟ್. ಸಂತೋಷವನ್ನು ಒಂದು "ಹೌದಾ!"ದಲ್ಲಿ ಮುಗಿಸಿ, ಮತ್ತೆ ಪರದೆಯತ್ತ ತಿರುಗುತ್ತಾರೆ. ಏನಾದರೂ ಆಸೆ ಇದೆಯೇ ಎಂದರೆ, ಇದೆ ಎನ್ನುತ್ತಾರೆ.

"ಜನ ಇನ್ನೊಂಚೂರು ಬರೀಬೇಕು, ಅಷ್ಟೇ. ಆ ಹುಡುಗ ತನ್ನ ಲ್ಯಾಪ್‌ಟಾಪಲ್ಲಿ ಮಾಡಿದ ಫೈಲುಗಳನ್ನೂ ನೋಡಿದೆ, ಬರೀ ಅಳತೆ. ಅಳತೆ ಬರೆದಿಟ್ರೆ ನನ್ನ ತಂತ್ರಾಂಶಕ್ಕೆ ಅಳತೆನೇ ಸಿಗೋದು. ಮೇಸ್ತ್ರಿ ಆ ಯಮ್ಮನ್ನೇ ಬರೆದಿಟ್ಟಿದ್ರು. ಸಿಕ್ಕಿದ್ರು."